ಫಂಕ್ಷನ್‌ನಿಂದ ರೆಫರೆನ್ಸ್ ವಾಪಸ್ ಕೊಡಬೇಕಾ, ವ್ಯಾಲ್ಯೂ ಕೊಡಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಹಾಸನ

ಎಲ್ಲರಿಗೂ ನಮಸ್ಕಾರ. ಇಂಜಿನಿಯರಿಂಗ್ ಮುಗಿಸಿ ಇಲ್ಲೇ ಹಾಸನದಲ್ಲಿ ಒಂದು ಚಿಕ್ಕ ಆಫೀಸಿಗೆ ಸೇರಿದ್ದೇನೆ. ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ತೂಕದ ಪ್ರೋಗ್ರಾಂ ಬರೆಯುತ್ತಿದ್ದೇವೆ, ಸಿ++ನಲ್ಲಿ. ಲೋಡ್ ಬಂದ ಕೂಡಲೇ ಬೆಳೆಗಾರರ ಹೆಸರು, ಪಾರ್ಚ್‌ಮೆಂಟಾ ಚೆರ್ರಿಯಾ (ಕಾಫಿಯ ಎರಡು ಬಗೆ), ಎಷ್ಟು ಮೂಟೆ, ಎಷ್ಟು ತೂಕ ಎಲ್ಲ ಒಂದು ರೆಕಾರ್ಡ್ ಆಗಿ ವೆಕ್ಟರ್‌ಗೆ (ಬೆಳೆಯುತ್ತಾ ಹೋಗುವ ಪಟ್ಟಿಗೆ) ಸೇರುತ್ತದೆ. ರಸೀದಿ ನಂಬರ್ ಕೊಟ್ಟರೆ ಆ ರೆಕಾರ್ಡ್ ಹುಡುಕಿ ಕೊಡುವ ಫಂಕ್ಷನ್ ನನ್ನ ಪಾಲಿಗೆ ಬಂದಿದೆ. ಅದು ವ್ಯಾಲ್ಯೂ, ಅಂದರೆ ರೆಕಾರ್ಡಿನ ಕಾಪಿ ಕೊಡಬೇಕಾ, ರೆಫರೆನ್ಸ್, ಅಂದರೆ ಅದೇ ರೆಕಾರ್ಡಿಗೆ ಇನ್ನೊಂದು ಹೆಸರು ಕೊಡಬೇಕಾ ಅನ್ನುವುದೇ ಪ್ರಶ್ನೆ.

ಸೀನಿಯರ್ ಒಬ್ಬರು "ರೆಫರೆನ್ಸ್ ಕೊಡು, ಕಾಪಿ ಆಗಲ್ಲ, ಫಾಸ್ಟ್" ಅನ್ನುತ್ತಾರೆ. ಇನ್ನೊಬ್ಬರು "ರೆಫರೆನ್ಸ್ ಸಹವಾಸ ಬೇಡ" ಅನ್ನುತ್ತಾರೆ. ಯಾಕೆ ಅಂತ ಇಬ್ಬರೂ ಹೇಳಲ್ಲ. ರಿಪೋರ್ಟ್ ತೋರಿಸುವ ಪಿಎಚ್‌ಪಿ ಕೋಡಿನಲ್ಲೂ ಫಂಕ್ಷನ್ ಹೆಸರಿನ ಮುಂದೆ & ಚಿಹ್ನೆ ಕಂಡಿತು. ಎರಡೂ ಒಂದೇನಾ?

ಚಿಕ್ಕಮಗಳೂರಿನಿಂದ

ಫಾಸ್ಟ್ ವಿಷಯ ಆಮೇಲೆ ನೋಡೋಣ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಆ ರೆಕಾರ್ಡ್ ಯಾರ ಕೈಯಲ್ಲಿದೆ, ಎಲ್ಲಿಯವರೆಗೆ ಇರುತ್ತದೆ? ರೆಫರೆನ್ಸ್ ಇಟ್ಟುಕೊಂಡವನಿಗಿಂತ ರೆಕಾರ್ಡ್ ಮೊದಲು ಹೋಗಿಬಿಟ್ಟರೆ ಕೆಲಸ ಕೆಟ್ಟಿತು.

ಎಲ್ಲರಿಗೂ ಗೊತ್ತಿರುವ ತಪ್ಪು, ಫಂಕ್ಷನ್ ಒಳಗೇ ಹುಟ್ಟುವ ಲೋಕಲ್ ವೇರಿಯಬಲ್‌ಗೆ ರೆಫರೆನ್ಸ್ ಕೊಡುವುದು. ಫಂಕ್ಷನ್ ಮುಗಿದ ಮೇಲೆ ಆ ವೇರಿಯಬಲ್ ಇರುವುದಿಲ್ಲ. ಸ್ಟ್ಯಾಕ್‌ನ (ಫಂಕ್ಷನ್ ನಡೆಯುವಷ್ಟು ಹೊತ್ತು ಸಿಗುವ ಮೆಮೊರಿಯ) ಆ ಜಾಗವನ್ನು ಮುಂದೆ ಕರೆಯುವ ಫಂಕ್ಷನ್ ಬಳಸಿಕೊಳ್ಳುತ್ತದೆ. ಕೆಲವೊಮ್ಮೆ ಹಳೆಯ ಬೆಲೆ ಅಲ್ಲೇ ಉಳಿದಿರುತ್ತದೆ, ಹಾಗಾಗಿ ಟೆಸ್ಟ್ ಮಾಡುವಾಗ ಸರಿ ಕಾಣುತ್ತದೆ. ಆಪ್ಟಿಮೈಸೇಷನ್ (ಕಂಪೈಲರ್ ಕೋಡನ್ನು ವೇಗವಾಗಿಸುವುದು) ಆನ್ ಮಾಡಿದ ದಿನ ಏನೇನೋ ಬರುತ್ತದೆ. ಇದನ್ನು ಜಿಸಿಸಿ ಕಂಪೈಲರ್ ತಾನಾಗಿಯೇ ವಾರ್ನಿಂಗ್ ಕೊಟ್ಟು ಹೇಳುತ್ತದೆ. ಅದನ್ನು ಓದದೆ ಮುಂದೆ ಹೋಗುವವರೇ ಜಾಸ್ತಿ, ಅದು ಬೇರೆ ಮಾತು.

ನಿಮ್ಮ ಕೇಸಿನಲ್ಲಿ ಅಪಾಯ ಅಲ್ಲಿಲ್ಲ, ವೆಕ್ಟರ್‌ನಲ್ಲಿದೆ. ವೆಕ್ಟರ್ ತನ್ನ ಅಂಶಗಳನ್ನೆಲ್ಲ ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಇಡಬೇಕು. ಜಾಗ ತುಂಬಿದರೆ ದೊಡ್ಡ ಜಾಗ ಹುಡುಕಿ ಎಲ್ಲವನ್ನೂ ಅಲ್ಲಿಗೆ ಸಾಗಿಸುತ್ತದೆ. ಜಿಸಿಸಿ ಜೊತೆ ಬರುವ ಲೈಬ್ರರಿಯಲ್ಲಿ ಜಾಗ ಪ್ರತಿ ಸಲ ಎರಡರಷ್ಟಾಗುತ್ತದೆ: 1, 2, 4, 8, 16. ನಿಮ್ಮ ಫಂಕ್ಷನ್ 16 ರೆಕಾರ್ಡ್ ಇರುವಾಗ 5ನೇ ರೆಕಾರ್ಡಿಗೆ ರೆಫರೆನ್ಸ್ ಕೊಟ್ಟಿದೆ, ಆಪರೇಟರ್ ಇನ್ನೂ ಆ ಸ್ಕ್ರೀನ್ ಮುಚ್ಚಿಲ್ಲ ಅಂದುಕೊಳ್ಳಿ. ಅಷ್ಟರಲ್ಲಿ 17ನೇ ಲೋಡ್ ಸೇರಿತು. 16 ರೆಕಾರ್ಡೂ ಜಾಗ ಬದಲಾಯಿಸಿದವು. ರೆಫರೆನ್ಸ್ ಮಾತ್ರ ಹಳೆಯ ಜಾಗವನ್ನೇ ತೋರಿಸುತ್ತಿರುತ್ತದೆ. ಮೂರನೇ ಅಟ್ಟಿ ಅಂತ ಚೀಟಿ ಬರೆದುಕೊಂಡು ಬರುವಷ್ಟರಲ್ಲಿ ಮೂಟೆಗಳನ್ನೆಲ್ಲ ಬೇರೆ ಗೋದಾಮಿಗೆ ಹಾಕಿದ ಹಾಗೆ.

5 ರೆಕಾರ್ಡ್ ಇದ್ದಾಗಲೇ ರೆಫರೆನ್ಸ್ ಪಡೆದಿದ್ದರೆ 6, 7, 8ನೇ ಲೋಡ್ ಬಂದಾಗ ಏನೂ ಆಗುವುದಿಲ್ಲ, 9ಕ್ಕೆ ಕೆಡುತ್ತದೆ. ಆಮೇಲೆ ಹೊಸದಾಗಿ ಪಡೆದ ರೆಫರೆನ್ಸ್ ಮತ್ತೆ 16ರವರೆಗೆ ಆರಾಮು. ಇಂಥ ಬಗ್ ಹಿಡಿಯುವುದು ಕಷ್ಟ ಆಗುವುದು ಅದಕ್ಕೇ.

ದಾರಿಗಳಿವೆ. ಎಷ್ಟು ಲೋಡ್ ಬರಬಹುದು ಅಂತ ಮೊದಲೇ ಗೊತ್ತಿದ್ದರೆ ಅಷ್ಟು ಜಾಗ ರಿಸರ್ವ್ ಮಾಡಿಡಬಹುದು. ಆದರೆ ಸೀಸನ್‌ನಲ್ಲಿ ಎಷ್ಟು ಲೋಡ್ ಅಂತ ಯಾರು ಹೇಳುತ್ತಾರೆ? ವೆಕ್ಟರ್ ಬಿಟ್ಟು ಮ್ಯಾಪ್ (ನಂಬರ್ ಕೊಟ್ಟರೆ ರೆಕಾರ್ಡ್ ಸಿಗುವ ಪಟ್ಟಿ) ಬಳಸಿದರೆ ಹೊಸದು ಸೇರಿಸಿದಾಗ ಹಳೆಯ ರೆಫರೆನ್ಸ್ ಕೆಡುವುದಿಲ್ಲ, ಆ ರೆಕಾರ್ಡನ್ನೇ ಅಳಿಸಿದರೆ ಮಾತ್ರ ಕೆಡುತ್ತದೆ. ಡೆಕ್‌ನಲ್ಲೂ (ಎರಡೂ ತುದಿಗೆ ಸೇರಿಸಬಹುದಾದ ಪಟ್ಟಿ) ಕೊನೆಗೆ ಸೇರಿಸುವಾಗ ರೆಫರೆನ್ಸ್ ಉಳಿಯುತ್ತದೆ. ನಾನಾದರೆ ಮ್ಯಾಪ್‌ನಲ್ಲಿಟ್ಟು, ಸ್ಕ್ರೀನ್ ಕೈಗೆ ರಸೀದಿ ನಂಬರ್ ಮಾತ್ರ ಕೊಡುತ್ತೇನೆ. ಬೇಕಾದಾಗ ಹುಡುಕಲಿ.

ಇನ್ನೊಂದು. ಆ ರಸೀದಿ ನಂಬರ್ ಇಲ್ಲವೇ ಇಲ್ಲ ಅಂದರೆ ಏನು ಕೊಡುತ್ತೀರಿ? ಖಾಲಿ ರೆಫರೆನ್ಸ್ ಅಂತ ಒಂದಿಲ್ಲ. ಹುಡುಕುವ ಫಂಕ್ಷನ್‌ಗೆ ಪಾಯಿಂಟರ್ (ರೆಕಾರ್ಡ್ ಇರುವ ಮೆಮೊರಿ ವಿಳಾಸ) ವಾಸಿ, ಸಿಗದಿದ್ದರೆ ನಲ್‌ಪಾಯಿಂಟರ್, ಅಂದರೆ ಖಾಲಿ ವಿಳಾಸ, ಕೊಟ್ಟರಾಯಿತು.

ಸಕಲೇಶಪುರದಿಂದ

ಫಾಸ್ಟ್ ಅನ್ನುವ ಸೀನಿಯರ್ ಬಹುಶಃ ಹಳೇ ಕಾಲದ ಲೆಕ್ಕ ಹೇಳುತ್ತಿದ್ದಾರೆ. ಫಂಕ್ಷನ್ ಒಳಗೇ ಹೊಸದಾಗಿ ಮಾಡಿದ ವಸ್ತುವನ್ನು ವ್ಯಾಲ್ಯೂ ಆಗಿಯೇ ಕೊಡಿ. ಕಾಪಿ ತಪ್ಪಿಸುವುದು ಮೊದಲಿಂದಲೂ ಕಂಪೈಲರ್‌ಗೆ ಗೊತ್ತು. ಸಿ++11ರಲ್ಲಿ ಮೂವ್ (ಕಾಪಿ ಮಾಡದೆ ಒಳಗಿನದನ್ನು ಸಾಗಿಸುವುದು) ಬಂತು. ಸಿ++17ರಿಂದ ಕೆಲವು ಕಡೆ ಕಾಪಿ ಆಗಲೇಬಾರದು ಅಂತ ಭಾಷೆಯ ನಿಯಮವೇ ಇದೆ. ರಿಟರ್ನ್ ಸಾಲಿನಲ್ಲಿ ಲೋಕಲ್ ವೇರಿಯಬಲ್‌ಗೆ ಸುಮ್ನೆ ಮೂವ್ ಸೇರಿಸಬೇಡಿ. ಕಂಪೈಲರ್ ಪೂರ್ತಿ ತಪ್ಪಿಸಬಹುದಾದ ಕೆಲಸವನ್ನು ನೀವೇ ಮಾಡಿಸಿದ ಹಾಗಾಗುತ್ತದೆ.

ಬೇಲೂರಿನಿಂದ

ಮೇಲಿನವರು ಹೇಳಿದ್ದೆಲ್ಲ ಕೊಡುವವರ ಕಡೆಯದ್ದು. ತೆಗೆದುಕೊಳ್ಳುವವರ ಕಡೆಯೂ ಒಂದು ಗುಂಡಿ ಇದೆ. ಫಂಕ್ಷನ್ ಸರಿಯಾಗಿ ರೆಫರೆನ್ಸ್ ಕೊಟ್ಟರೂ ನೀವು ಬರೀ ಆಟೋ (ಟೈಪ್ ಯಾವುದು ಅಂತ ಕಂಪೈಲರ್ ತಾನೇ ತಿಳಿಯಲಿ ಅನ್ನುವ ಪದ) ಅಂತ ಬರೆದು ಹಿಡಿದರೆ ಸಿಗುವುದು ಕಾಪಿ. ಲಾರಿ ಖಾಲಿಯಾಗಿ ವಾಪಸ್ ವೇಬ್ರಿಡ್ಜ್ ಹತ್ತಿದಾಗ ಟೇರ್ ತೂಕ ತುಂಬುತ್ತೀರಿ ಅಲ್ವಾ? ಅದು ಆ ಕಾಪಿಗೆ ಹೋಗುತ್ತದೆ. ವೆಕ್ಟರ್‌ನಲ್ಲಿರುವ ಅಸಲಿ ರೆಕಾರ್ಡಿನಲ್ಲಿ ಟೇರ್ ಸೊನ್ನೆಯೇ. ನೆಟ್ ತೂಕಕ್ಕೆ ಲಾರಿಯ ತೂಕವೂ ಸೇರಿ ಬಿಲ್ ಆಗುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಆಟೋ ಪಕ್ಕ & ಇದೆಯಾ ನೋಡಿಕೊಳ್ಳಿ.

ಬರೀ ಓದುವುದಕ್ಕೆ ಕೊಡುವುದಾದರೆ ಕಾನ್ಸ್ಟ್ (ತಿದ್ದಲು ಬಿಡದ) ರೆಫರೆನ್ಸ್ ಕೊಡಿ. ಇಲ್ಲದಿದ್ದರೆ ರಿಪೋರ್ಟ್ ಬರೆಯುವವನೂ ತೂಕ ತಿದ್ದಬಹುದು.

ಕಡೂರಿನಿಂದ

ಪಿಎಚ್‌ಪಿ ಬಗ್ಗೆ ನಾನು ಹೇಳುತ್ತೇನೆ. ಚಿಹ್ನೆ ಒಂದೇ, ವ್ಯವಹಾರ ಬೇರೆ. ಅಲ್ಲಿ ಫಂಕ್ಷನ್ ಬರೆಯುವಾಗ ಹೆಸರಿನ ಮುಂದೆ &, ಕರೆದು ಹಿಡಿಯುವಾಗ ಸಮ ಚಿಹ್ನೆಯ ಪಕ್ಕ ಇನ್ನೊಂದು &. ಎರಡರಲ್ಲಿ ಒಂದು ಬಿಟ್ಟರೂ ರೆಫರೆನ್ಸ್ ಸಿಗುವುದಿಲ್ಲ. ರಿಟರ್ನ್ ಮಾಡುವುದು ವೇರಿಯಬಲ್ ಆಗಿರಬೇಕು. ಲೆಕ್ಕ ಹಾಕಿದ ಮೊತ್ತವನ್ನು ನೇರವಾಗಿ ಕೊಟ್ಟರೆ ನೋಟಿಸ್ ಬರುತ್ತದೆ.

ವೇಗಕ್ಕಾಗಿ ಇದನ್ನು ಬಳಸಬೇಡಿ ಅಂತ ಪಿಎಚ್‌ಪಿ ಕೈಪಿಡಿಯೇ ಹೇಳುತ್ತದೆ. ದೊಡ್ಡ ಅರೇ ರಿಟರ್ನ್ ಮಾಡಿದರೂ ಆಗಲೇ ಕಾಪಿ ಆಗುವುದಿಲ್ಲ, ಯಾರಾದರೂ ಬದಲಾಯಿಸಿದಾಗ ಮಾತ್ರ ಆಗುತ್ತದೆ. ನಿಮ್ಮ ರಿಪೋರ್ಟ್ ಪುಟದಲ್ಲಿ ಆ & ಯಾಕಿದೆ ಅಂತ ಬರೆದವರನ್ನು ಕೇಳಿ. ಉತ್ತರ ಬರದಿದ್ದರೆ ಧೈರ್ಯವಾಗಿ ತೆಗೆದು ಟೆಸ್ಟ್ ಮಾಡಿ.

ಅರಸೀಕೆರೆಯಿಂದ

ನಾನು ಸಿ ಪಾಠ ಮಾಡುವವನು. ರಸೀದಿಯಲ್ಲಿ ಲಾರಿ ಬಂದ ಸಮಯ, ಹೋದ ಸಮಯ ಎರಡೂ ಹಾಕುತ್ತೀರಿ ತಾನೆ? ಹಾಗಾದರೆ ಸ್ಥಳೀಯ ಸಮಯ ಕೊಡುವ ಲೋಕಲ್‌ಟೈಮ್ ಫಂಕ್ಷನ್ ಬಗ್ಗೆ ಹುಷಾರು. ಅದು ಕೊಡುವ ಪಾಯಿಂಟರ್ ಲೈಬ್ರರಿಯ ಒಳಗಿನ ಒಂದೇ ಜಾಗವನ್ನು ತೋರಿಸುತ್ತದೆ. ಎರಡನೇ ಸಲ ಕರೆದ ಕೂಡಲೇ ಮೊದಲನೆಯದರ ಮೇಲೆ ಬರೆಯುತ್ತದೆ. ಎರಡೂ ಪಾಯಿಂಟರ್ ಇಟ್ಟುಕೊಂಡು ಪ್ರಿಂಟ್ ಮಾಡಿದರೆ ಲಾರಿ ಬಂದದ್ದೂ ಹೋದದ್ದೂ ಒಂದೇ ನಿಮಿಷಕ್ಕೆ! ಜಾಗ ಸತ್ತಿಲ್ಲ, ಆದರೆ ಅದು ಎಲ್ಲರಿಗೂ ಸೇರಿದ ಜಾಗ. ಮೊದಲನೆಯದನ್ನು ಕಾಪಿ ಮಾಡಿಟ್ಟುಕೊಂಡು ಆಮೇಲೆ ಎರಡನೆಯದನ್ನು ಕರೆಯಿರಿ. ಲಿನಕ್ಸ್‌ನಲ್ಲಾದರೆ ಹೆಸರಿನ ಕೊನೆಗೆ ಆರ್ ಇರುವ ರೂಪ ಇದೆ, ಜಾಗ ನಾವೇ ಕೊಡಬಹುದು.

ಮೂಡಿಗೆರೆಯಿಂದ

ಬೇರೆ ಭಾಷೆಗೆ ಹೋದವರಿಗೆ ಎರಡು ಮಾತು. ಗೋ ಭಾಷೆಯಲ್ಲಿ ಲೋಕಲ್ ವೇರಿಯಬಲ್‌ನ ವಿಳಾಸ ರಿಟರ್ನ್ ಮಾಡಿದರೆ ತಪ್ಪಿಲ್ಲ. ಅದು ಹೊರಗೆ ಹೋಗುತ್ತಿದೆ ಅಂತ ಕಂಪೈಲರ್ ನೋಡಿ ಹೀಪ್‌ನಲ್ಲಿ (ಫಂಕ್ಷನ್ ಮುಗಿದರೂ ಉಳಿಯುವ ಮೆಮೊರಿಯಲ್ಲಿ) ಇಡುತ್ತದೆ. ರಸ್ಟ್‌ನಲ್ಲಿ ಅಂಥ ಕೋಡು ಕಂಪೈಲೇ ಆಗುವುದಿಲ್ಲ. ವೆಕ್ಟರ್ ಒಳಗಿನ ರೆಫರೆನ್ಸ್ ಇಟ್ಟುಕೊಂಡು ಹೊಸದು ಸೇರಿಸಲೂ ಬಿಡುವುದಿಲ್ಲ. ಜಾವಾದಲ್ಲಿ ಜಾಗ ಸಾಯುವ ಭಯ ಇಲ್ಲ. ಆದರೆ ಒಳಗಿನ ಲಿಸ್ಟನ್ನು ಹಾಗೇ ಕೊಟ್ಟರೆ ಹೊರಗಿನವರು ಅದರಿಂದ ರೆಕಾರ್ಡ್ ಅಳಿಸಬಹುದು.

ಕೇಳಿದವರು, ಹಾಸನ

ಎಲ್ಲರಿಗೂ ಧನ್ಯವಾದ. ಮ್ಯಾಪ್‌ಗೆ ಬದಲಾಯಿಸಿ, ಹುಡುಕುವ ಫಂಕ್ಷನ್‌ಗೆ ಕಾನ್ಸ್ಟ್ ಪಾಯಿಂಟರ್ ಕೊಡುತ್ತೇನೆ. ಟೇರ್ ತುಂಬುವುದಕ್ಕೆ ಬೇರೆ ಫಂಕ್ಷನ್. ಈಗಾಗಲೇ ಬರೆದಿರುವ ಹಳೆಯ ಕೋಡಿನಲ್ಲಿ ಇಂಥ ಸತ್ತ ರೆಫರೆನ್ಸ್ ಎಲ್ಲಿವೆ ಅಂತ ಹುಡುಕುವುದು ಹೇಗೆ?

ಚಿಕ್ಕಮಗಳೂರಿನಿಂದ

ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳಲ್ಲಿ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಸಾಧನ) ಇದೆ. ಅದನ್ನು ಆನ್ ಮಾಡಿ ಕಂಪೈಲ್ ಮಾಡಿ, ಡೀಬಗ್ ಮಾಹಿತಿಯೂ ಇರಲಿ. ಸ್ಕ್ರೀನ್ ತೆರೆದಿಟ್ಟುಕೊಂಡೇ 20 ಲೋಡ್ ಸೇರಿಸಿ ನೋಡಿ. ಸತ್ತ ಜಾಗ ಮುಟ್ಟಿದ ಕೂಡಲೇ ಪ್ರೋಗ್ರಾಂ ನಿಲ್ಲುತ್ತದೆ. ಮುಟ್ಟಿದ್ದು ಯಾವ ಸಾಲಿನಲ್ಲಿ, ಬಿಟ್ಟುಕೊಟ್ಟದ್ದು ಎಲ್ಲಿ, ಮೊದಲು ಪಡೆದದ್ದು ಎಲ್ಲಿ, ಮೂರೂ ಹೇಳುತ್ತದೆ. ಸುಮಾರು ಎರಡು ಪಟ್ಟು ನಿಧಾನ ಆಗುತ್ತದೆ. ಆದ್ದರಿಂದ ಟೆಸ್ಟ್ ಮಾಡುವ ಕಂಪ್ಯೂಟರ್‌ನಲ್ಲಿ ಮಾತ್ರ ಇರಲಿ, ಗೇಟಿನದ್ದರಲ್ಲಿ ಬೇಡ.