ಬಿಡದಿ ವಂಡರ್‌ಲಾಗೆ ಎಂಟು ಜನ ಹೊರಟಿದ್ದೇವೆ, ಮಗನಿಗೆ ಆಟಿಸಂ. ಉಳಿಯುವುದು ಎಲ್ಲಿ?

ನೀರ್ಚಾಲಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ನೀರ್ಚಾಲು. ಓಣಂ ರಜೆಯಲ್ಲಿ ಬೆಂಗಳೂರು ಹತ್ತಿರದ ಬಿಡದಿಯ ಅಮ್ಯೂಸ್‌ಮೆಂಟ್ ಪಾರ್ಕ್ ವಂಡರ್‌ಲಾಗೆ ಹೋಗುವುದು ಅಂತ ಮನೆಯಲ್ಲಿ ಮಾತಾಗಿದೆ. ಒಟ್ಟು ಎಂಟು ಜನ. ಮಾವನಿಗೆ 74 ವರ್ಷ, ಮಂಡಿನೋವು, ಮೆಟ್ಟಿಲು ಆಗುವುದಿಲ್ಲ. ಅತ್ತೆಗೆ ಶುಗರ್, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಮೈದುನ ಮತ್ತು ಅವನ ಹೆಂಡತಿ, ನಾನು, ನಮ್ಮವರು, 13 ವರ್ಷದ ಮಗಳು, 8 ವರ್ಷದ ಮಗ.

ಮಗನಿಗೆ ಆಟಿಸಂ. ಮಾತು ಕಡಿಮೆ, ಆದರೆ ಹೇಳಿದ್ದೆಲ್ಲ ಗೊತ್ತಾಗುತ್ತದೆ. ಶಬ್ದದ ವಿಷಯದಲ್ಲಿ ಅವನದ್ದೇ ಒಂದು ಲೆಕ್ಕ. ಯಕ್ಷಗಾನ ಇದ್ದರೆ ಚೆಂಡೆಯ ಹತ್ತಿರವೇ ಹೋಗಿ ಕೂರುತ್ತಾನೆ, ಮನೆಯಲ್ಲಿ ಮಿಕ್ಸಿ ತಿರುಗಿದರೆ ಎರಡೂ ಕಿವಿ ಒತ್ತಿ ಹಿಡಿದು ತೋಟಕ್ಕೆ ಓಡುತ್ತಾನೆ. ನೀರು ಅಂದರೆ ಪ್ರಾಣ. ತೋಟದ ಕೆರೆಗೆ ಬೇಲಿ ಹಾಕಿ, ಗೇಟಿಗೆ ಬೀಗ ಹಾಕಿ ಇಟ್ಟಿದ್ದೇವೆ. ಊಟಕ್ಕೆ ಕುಚ್ಚಲಕ್ಕಿ ಗಂಜಿ, ತುಪ್ಪ, ಹಪ್ಪಳ, ಅಷ್ಟೇ. ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಬಡಿಸಿದರೆ ಬಟ್ಟಲನ್ನೇ ದೂರ ತಳ್ಳುತ್ತಾನೆ.

ಕಳೆದ ವರ್ಷ ಒಂದು ಕಡೆ ಹೋಗಿ ತುಂಬ ಕಷ್ಟಪಟ್ಟೆವು. ಫೋನಿನಲ್ಲಿ ನೆಲ ಅಂತಸ್ತಿನ ಕೋಣೆ ಕೊಡ್ತೇವೆ ಅಂದಿದ್ದರು, ಹೋದ ಮೇಲೆ ಮೂರನೇ ಮಹಡಿ ಅಂದರು, ಲಿಫ್ಟ್ ಕೆಟ್ಟಿತ್ತು, ಕೆಳಗಿನ ಹಾಲಿನಲ್ಲಿ ಮದುವೆ ರಿಸೆಪ್ಷನ್. ಮಗ ರಾತ್ರಿ ಎರಡು ಗಂಟೆಯವರೆಗೆ ಅತ್ತ. ಪಕ್ಕದ ಕೋಣೆಯವರು ಗೋಡೆ ಬಡಿದರು. ಅತ್ತೆ ಅವನನ್ನು ಮಡಿಲಲ್ಲಿ ಹಾಕಿಕೊಂಡು ಕಾರಿಡಾರಿನ ನೆಲದ ಮೇಲೆ ಕೂತಿದ್ದರು. ಬೆಳಿಗ್ಗೆ ಮಾವ, "ಇನ್ನು ಇವನನ್ನು ಕರೆದುಕೊಂಡು ಎಲ್ಲಿಗೂ ಬೇಡ" ಅಂದುಬಿಟ್ಟರು. ಸಂಕಟದಲ್ಲಿ ಹೇಳಿದ್ದು, ನನಗೆ ಗೊತ್ತು. ಆದರೂ ಆ ಮಾತು ನನ್ನೊಳಗೆ ಹಾಗೇ ಉಳಿದಿದೆ. ಈಗ ಅವರೇ ಹೋಗುವ ಅಂದಿದ್ದಾರೆ, ಈ ಸಲ ತಪ್ಪು ಆಗಬಾರದು.

ಮೂರು ಕಡೆ ನೋಡಿಟ್ಟಿದ್ದೇನೆ. ಪಾರ್ಕಿನವರದ್ದೇ ರೆಸಾರ್ಟ್, ದರ ಜಾಸ್ತಿ. ಬಿಡದಿಯಿಂದ 8 ಕಿ.ಮೀ. ಒಳಗೆ ಒಂದು ಹೋಮ್‌ಸ್ಟೇ, ಇಡೀ ಮನೆ ನಮಗೇ, ಅಡುಗೆಮನೆಯೂ ಇದೆ. ಇನ್ನೊಂದು ಕೆಂಗೇರಿ ಕಡೆಯ ಹೋಟೆಲ್, ಅಗ್ಗ. ನಮ್ಮವರಿಗೆ ಕೊಚ್ಚಿಯ ವಂಡರ್‌ಲಾ ಆಸೆ, ಅದು ವೀಗಾಲ್ಯಾಂಡ್ ಆಗಿದ್ದಾಗ ಶಾಲೆಯಿಂದ ಹೋಗಿದ್ದರಂತೆ. ಇಂಥ ಮಕ್ಕಳನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ.

ಹೊಸೂರು ಅಪ್ಪ

ಅಕ್ಕ, ನನ್ನ ಮಗನಿಗೂ ಆಟಿಸಂ, ಈಗ 14 ವರ್ಷ. ಹೊಸೂರಿನಿಂದ ಬಿಡದಿಗೆ ಮೂರು ಸಲ ಹೋಗಿದ್ದೇವೆ. ನನ್ನ ಮಾತು ಒಂದೇ. ಕೋಣೆ ತಗೊಳ್ಳೋದು ರಾತ್ರಿ ಮಲಗೋದಕ್ಕೆ ಅಂತ ಲೆಕ್ಕ ಹಾಕಬೇಡಿ. ಮಧ್ಯಾಹ್ನ ಒಂದು ಗಂಟೆಗೆ ಬೇಕು ಅಂತ ಲೆಕ್ಕ ಹಾಕಿ.

ಮೊದಲ ಸಲ ನಾವೂ ದುಡ್ಡು ನೋಡಿ ಕೆಂಗೇರಿ ಹತ್ತಿರ ಇಳಿದುಕೊಂಡೆವು. ಪಾರ್ಕ್ 11ಕ್ಕೆ ತೆರೆಯುತ್ತೆ. ಒಂದೂವರೆ ಹೊತ್ತಿಗೆ ಬಿಸಿಲು, ಹಾಡಿನ ಸದ್ದು, ಒದ್ದೆ ಬಟ್ಟೆ, ಕ್ಯೂ ಎಲ್ಲ ಸೇರಿ ಅವನಿಗೆ ತಡೆಯೋಕೆ ಆಗಲಿಲ್ಲ. ಕೋಣೆಗೆ ಹೋಗೋಣ ಅಂದರೆ ಕಾರಲ್ಲಿ ಮುಕ್ಕಾಲು ಗಂಟೆ. ಪಾರ್ಕಿಂಗ್‌ನಲ್ಲಿ ಕಾರಿನ ಪಕ್ಕ ಬಿಸಿ ನೆಲದ ಮೇಲೆ ಮಲಗಿಬಿಟ್ಟ. ನಾನೂ ನನ್ನ ಹೆಂಡತಿಯೂ ಟವೆಲ್ ಹಿಡಿದು ನೆರಳು ಮಾಡಿಕೊಂಡು ನಿಂತಿದ್ದೆವು. ಅವತ್ತಿನ ದಿನ ಅಲ್ಲಿಗೇ ಮುಗಿಯಿತು.

ಮುಂದಿನ ಸಲ ಪಾರ್ಕಿನ ಪಕ್ಕದ ರೆಸಾರ್ಟ್‌ನಲ್ಲೇ ಉಳಿದೆವು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅವನು ನನ್ನ ಕೈ ಎಳೆದ. ಹತ್ತು ನಿಮಿಷದಲ್ಲಿ ಕೋಣೆಯಲ್ಲಿದ್ದೆವು. ಪರದೆ ಎಳೆದು, ಒಣ ಬಟ್ಟೆ ಹಾಕಿ, ಎರಡು ದಿಂಬಿನ ನಡುವೆ ಮಲಗಿಸಿ ಸುಮ್ನೆ ಬಿಟ್ಟೆ. ಒಂದೂವರೆ ಗಂಟೆ ಆದ ಮೇಲೆ ಅವನೇ ಎದ್ದು ತನ್ನ ಚಪ್ಪಲಿ ತಂದು ನನ್ನ ಮುಂದೆ ಇಟ್ಟ. ಮತ್ತೆ ಹೋಗೋಣ ಅಂತ. ಅಕ್ಕ, ಆ ಚಪ್ಪಲಿ ನೋಡಿದ ಮೇಲೆ ಬಾಡಿಗೆ ಜಾಸ್ತಿ ಆಯ್ತು ಅನ್ನಿಸಲೇ ಇಲ್ಲ.

ಅದಕ್ಕೇ ಗೇಟಿನಿಂದ ಕೋಣೆಗೆ ಎಷ್ಟು ಹೊತ್ತು ಅನ್ನೋದೇ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ನಿಮ್ಮ ಮಾವನ ಮಂಡಿಗೂ ಅತ್ತೆಯ ಊಟಕ್ಕೂ ಇದೇ ಲೆಕ್ಕ ಆಗುತ್ತೆ ನೋಡಿ. ಟಿಕೆಟ್ ತಗೊಳ್ಳುವಾಗಲೇ ಮಧ್ಯಾಹ್ನ ಹೊರಗೆ ಹೋಗಿ ಮತ್ತೆ ಒಳಗೆ ಬರೋಕೆ ಬಿಡ್ತಾರಾ, ಅದಕ್ಕೆ ಏನು ತೋರಿಸಬೇಕು ಅಂತ ಕೇಳಿ ಬಾಯಲ್ಲಿ ಹೇಳಿಸಿಕೊಳ್ಳಿ. ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ, ಅದಕ್ಕೆ ಕ್ಯೂ ಕಡಿಮೆ, ಎಂಟೂ ಜನಕ್ಕೆ ಬೇಡ. ಮಗ ಮತ್ತು ಅವನ ಜೊತೆ ಹೋಗುವವರಿಗೆ ಸಾಕು.

ಇನ್ನೊಂದು ವಿಷಯ ಹೇಳಬೇಕು. ಎಲ್ಲರೂ ಇಡೀ ದಿನ ಒಟ್ಟಿಗೇ ಇರಬೇಕು ಅನ್ನೋದನ್ನು ಬಿಟ್ಟುಬಿಡಿ. ನನ್ನ ದೊಡ್ಡ ಮಗಳು ಎರಡು ಸಲವೂ ತಮ್ಮನ ಬ್ಯಾಗ್ ಹಿಡಿದುಕೊಂಡು ನಮ್ಮ ಹಿಂದೆಯೇ ಓಡಾಡಿದಳು. ಏನೂ ಕೇಳಲಿಲ್ಲ, ನಾವೂ ಗಮನಿಸಲಿಲ್ಲ. ಮೂರನೇ ಸಲ ಅವಳ ಅತ್ತೆ ಜೊತೆಗೆ ಬಂದಿದ್ದರಿಂದ ದೊಡ್ಡ ರೈಡ್‌ಗಳಿಗೆಲ್ಲ ಹೋದಳು, ಸ್ಕೈ ವೀಲ್ ಮೇಲಿಂದ ಕೈ ಬೀಸಿದಳು. ನಿಮ್ಮ ಮಗಳನ್ನು ಅವಳ ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಕಳಿಸಿ. ಅವಳಿಗೂ ಅದು ರಜೆ ಅಲ್ವಾ.

ಓಣಂ ರಜೆ ಅನ್ನೋದು ನಿಮ್ಮ ಅದೃಷ್ಟ. ಆಗ ಕರ್ನಾಟಕದಲ್ಲಿ ಶಾಲೆ ನಡೀತಿರುತ್ತೆ. ಚೌತಿ ಹತ್ತಿರ ಇದ್ದರೆ ಅದೊಂದನ್ನು ನೋಡಿಕೊಂಡು ಮಂಗಳವಾರ ಬುಧವಾರ ಹಿಡಿಯಿರಿ. ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು, ಆಗ ಬೇಡ.

ಮಡಕಶಿರದವನು

ನಾನು 11 ವರ್ಷ ಹೋಟೆಲ್‌ಗಳ ಫ್ರಂಟ್ ಆಫೀಸಿನಲ್ಲಿ ಕೆಲಸ ಮಾಡಿದ್ದೇನೆ. ಅಕ್ಕ, ನಿಮಗೆ ನೆಲ ಅಂತಸ್ತು ಅಂತ ಹೇಳಿ ಮೂರನೇ ಮಹಡಿ ಕೊಟ್ಟಿದ್ದು ಓದಿ ಬೇಸರ ಆಯ್ತು. ಅದು ಯಾಕೆ ಆಗುತ್ತೆ ಅಂತ ಹೇಳ್ತೇನೆ. ನೀವು ಬುಕ್ ಮಾಡುವಾಗ ಸಿಗುವುದು ಕೋಣೆಯ ದರ್ಜೆ ಮಾತ್ರ, ಕೋಣೆಯ ನಂಬರ್ ಅಲ್ಲ. ನಂಬರ್ ಹಾಕುವುದು ಸಾಮಾನ್ಯವಾಗಿ ನೀವು ಬರುವ ದಿನ ಬೆಳಿಗ್ಗೆ ಅಥವಾ ಹಿಂದಿನ ರಾತ್ರಿ. ಬೇರೆ ಆ್ಯಪ್‌ನಲ್ಲಿ ಬುಕ್ ಮಾಡಿ "ನೆಲ ಅಂತಸ್ತು ಬೇಕು" ಅಂತ ಬರೆದರೆ ಅದು ಎಷ್ಟೋ ಸಲ ನಂಬರ್ ಹಾಕುವವನ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆ ನೇರವಾಗಿ ಹೋಟೆಲಿಗೇ ಬುಕ್ ಮಾಡಿ, ಮೇಲ್ ಕಳಿಸಿ, ಉತ್ತರ ಬರಲಿ, ಹೋಗುವ ಹಿಂದಿನ ದಿನ ಸಂಜೆ ಫೋನ್ ಮಾಡಿ ಡ್ಯೂಟಿಯಲ್ಲಿ ಇರುವವರ ಹೆಸರು ಕೇಳಿಕೊಳ್ಳಿ.

ಮೇಲ್‌ನಲ್ಲಿ "ಮಗು ಸೂಕ್ಷ್ಮ" ಅಂತ ಬರೆಯಬೇಡಿ, ಯಾರಿಗೂ ಅರ್ಥ ಆಗುವುದಿಲ್ಲ. ಬೇಕಾದ್ದನ್ನು ನೇರ ಬರೆಯಿರಿ. ಲಿಫ್ಟ್ ಪಕ್ಕ ಬೇಡ, ಹಾಲ್ ಮೇಲೆ ಬೇಡ, ಜನರೇಟರ್ ಕಡೆ ಬೇಡ, ಆ ದಿನ ಮದುವೆ ಅಥವಾ ಕಂಪನಿ ಪಾರ್ಟಿ ಇದೆಯಾ ತಿಳಿಸಿ. ಒಳಗಿನಿಂದಲೇ ಬಾಗಿಲು ಇರುವ ಜೋಡಿ ಕೋಣೆ ಇದೆಯಾ ಕೇಳಿ. ಅಕ್ಕಪಕ್ಕದ ಕೋಣೆ ಬೇರೆ, ಜೋಡಿ ಕೋಣೆ ಬೇರೆ. ಕೆಲವರು ಎರಡಕ್ಕೂ ಒಂದೇ ಮಾತು ಹೇಳ್ತಾರೆ. ಅತ್ತೆ ಮಾವ ಒಂದು ಕಡೆ, ನೀವು ಇನ್ನೊಂದು ಕಡೆ, ನಡುವೆ ಬಾಗಿಲು ಇದ್ದರೆ ಅಜ್ಜಿ ಒಂದು ಗಂಟೆ ನೋಡಿಕೊಳ್ಳಬಹುದು, ನೀವು ಕಣ್ಣು ಮುಚ್ಚಬಹುದು.

ನೀರಿನ ವಿಷಯ ಎಲ್ಲಕ್ಕಿಂತ ಮುಖ್ಯ. ರೆಸಾರ್ಟ್ ಅಂದರೆ ಈಜುಕೊಳ ಇರುತ್ತೆ. ಚೆನ್ನಾಗಿರುತ್ತೆ ಅಂತ ಕೊಳದ ಕಡೆಯ ಕೋಣೆ ಕೊಡ್ತಾರೆ, ತಗೊಳ್ಳಬೇಡಿ. ನೆಲ ಅಂತಸ್ತಿನಲ್ಲಿ ಹಿಂಬಾಗಿಲು ನೇರ ಹುಲ್ಲುಹಾಸಿಗೆ ತೆರೆಯುವಂಥದ್ದೂ ಬೇಡ. ಲಿಫ್ಟ್ ಚೆನ್ನಾಗಿದ್ದರೆ ಮಾವನಿಗೆ ಮೊದಲ ಮಹಡಿಯೇ ಆದೀತು, ಮಗನಿಗೆ ಅದೇ ಕ್ಷೇಮ. ಕೋಣೆಗೆ ಹೋದ ತಕ್ಷಣ ಸಾಮಾನು ಬಿಚ್ಚುವ ಮೊದಲು ಬಾಗಿಲಿನ ಚಿಲಕ ಎಷ್ಟು ಎತ್ತರದಲ್ಲಿದೆ, ಬಾಲ್ಕನಿ ಬಾಗಿಲು ಸರಿಯಾಗಿ ಮುಚ್ಚುತ್ತದಾ ನೋಡಿ. ಬಾಗಿಲು ತೆರೆದರೆ ಕೂಗುವ ಸಣ್ಣ ಅಲಾರಂ ಸಿಗುತ್ತದೆ, ಆದರೆ ಅದರ ಸದ್ದು ಮಗನಿಗೆ ಆಗುತ್ತದಾ ಮನೆಯಲ್ಲೇ ನೋಡಿಕೊಳ್ಳಿ. ಆಗದಿದ್ದರೆ ಬಾಗಿಲಿಗೆ ಒಂದು ಗೆಜ್ಜೆಸರ ಕಟ್ಟಿ.

ಕುಚ್ಚಲಕ್ಕಿ ನೀವೇ ತಗೊಂಡು ಹೋಗಿ. ಅಡುಗೆಮನೆಯವರಿಗೆ ಮೊದಲೇ ಹೇಳಿ ಒಂದು ಕೆ.ಜಿ. ಕೊಟ್ಟರೆ ಬೇಯಿಸಿ ಕೊಡುವವರು ಇದ್ದಾರೆ. ನಾನಿದ್ದ ಕಡೆ ಎಷ್ಟೋ ಮಕ್ಕಳಿಗೆ ಮಾಡಿಕೊಟ್ಟಿದ್ದೇವೆ. ಬೇಯಲು ಎಷ್ಟು ಹೊತ್ತು ಬೇಕು ಅಂತ ಹೇಳುವುದು ಮರೆಯಬೇಡಿ, ಅಲ್ಲಿನ ಅಡುಗೆಯವರಿಗೆ ಸೋನಾ ಮಸೂರಿ ಅಭ್ಯಾಸ, ಅರ್ಧ ಬೆಂದಾಗಲೇ ಇಳಿಸಿಬಿಡ್ತಾರೆ.

ನೀರ್ಚಾಲಿನ ಅಮ್ಮ

ಓದಿ ಕಣ್ಣು ತುಂಬಿತು. ಹೊಸೂರಿನ ಅಣ್ಣ, ನೀವು ಹೇಳಿದ ಮಗಳ ಮಾತು ನನಗೇ ತಾಗಿತು. ನನ್ನ ಮಗಳೂ ಹಾಗೆಯೇ, ಏನನ್ನೂ ಕೇಳುವುದಿಲ್ಲ.

ಆದರೆ ಒಂದು ತೊಡಕು ಇದೆ. ರೈಲಿನಲ್ಲಿ ಹೋಗುವ ಅಂತ ಇದ್ದೆವು, ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್ಸಿಗೆ ಸಂಜೆ ಕಾಸರಗೋಡಿನಲ್ಲಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಅಷ್ಟು ಹೊತ್ತು ಮಗನನ್ನೂ ಮಾವನನ್ನೂ ಎಲ್ಲಿ ಕೂರಿಸುವುದು? ಮತ್ತೆ ಎಲ್ಲರೂ ಬೇರೆ ಬೇರೆ ತಿರುಗಿದರೆ ಒಟ್ಟಿಗೆ ಹೋಗಿ ಎಂತ ಪ್ರಯೋಜನ ಅಂತ ಮಾವ ಕೇಳ್ತಿದ್ದಾರೆ.

ಮಂಜೇಶ್ವರದ ಟೀಚರ್

ಇಂಥ ಮಕ್ಕಳ ಜೊತೆ 20 ವರ್ಷ ಕೆಲಸ ಮಾಡಿದ್ದೇನೆ ಮಗಾ, ಅದಕ್ಕೆ ಸ್ವಲ್ಪ ಸಲಿಗೆಯಿಂದ ಹೇಳ್ತೇನೆ.

ರೈಲು ಬೇಡ. ಬಾಡಿಗೆಗೆ ದೊಡ್ಡ ಗಾಡಿ ಮಾಡಿ. ಜಾಲ್ಸೂರು, ಸುಳ್ಯ, ಮಡಿಕೇರಿ ದಾರಿಯಲ್ಲಿ ಮೈಸೂರು ಸೇರಿ ರಾತ್ರಿ ಅಲ್ಲೇ ಉಳಿಯಿರಿ. ಮರುದಿನ ನಿಧಾನ ಹೊರಟರೆ ಬೆಂಗಳೂರು ಹೆದ್ದಾರಿಯಲ್ಲಿ ಬಿಡದಿ ಬೆಂಗಳೂರಿಗಿಂತ ಮೊದಲೇ ಸಿಗುತ್ತದೆ, ನಗರದ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳುವ ಕೆಲಸವೇ ಇಲ್ಲ. ಕೋಣೆ ಸಿಗುವ ಹೊತ್ತಿಗೆ ಸರಿಯಾಗಿ ತಲುಪುತ್ತೀರಿ. ಆ ದಿನ ಪಾರ್ಕಿಗೆ ಹೋಗಲೇಬೇಡಿ. ಕೋಣೆಗೆ ಅವನು ಹೊಂದಿಕೊಳ್ಳಲಿ. ಮಳೆ ಜೋರಿದ್ದರೆ ಸಂಪಾಜೆ ಘಾಟಿಯ ಸ್ಥಿತಿ ಹಿಂದಿನ ದಿನ ವಿಚಾರಿಸಿ ಹೊರಡಿ.

ಇನ್ನು ಯಾರೂ ಹೇಳದ ಒಂದು ವಿಷಯ, ಬಟ್ಟೆ. ನೀರಿನ ಆಟಗಳಿಗೆ ಹತ್ತಿ ಬಟ್ಟೆ ಬಿಡುವುದಿಲ್ಲ, ನೈಲಾನ್ ಅಥವಾ ಲೈಕ್ರಾ ಬೇಕು. ಹತ್ತಿ ಬಿಟ್ಟು ಬೇರೆ ಮೈಗೆ ತಾಗಿಸದ ಮಕ್ಕಳು ಅಲ್ಲಿ ಬಟ್ಟೆ ಬದಲಿಸುವ ಜಾಗದಲ್ಲೇ ಅತ್ತು ದಿನ ಮುಗಿಸುತ್ತಾರೆ. ಈಗಲೇ ಒಂದು ಜೊತೆ ತನ್ನಿ. ಕುತ್ತಿಗೆಯ ಲೇಬಲ್ ಹೊಲಿಗೆ ಬಿಚ್ಚಿ ತೆಗೆಯಿರಿ, ಕತ್ತರಿಸಿದರೆ ಉಳಿದ ಚೂರು ಇನ್ನೂ ಚುಚ್ಚುತ್ತದೆ. ನಾಲ್ಕೈದು ಸಲ ಒಗೆದು, ದಿನಾ ಸ್ನಾನಕ್ಕೆ ಅದನ್ನೇ ಹಾಕಿ. ಹೊರಡುವ ಹೊತ್ತಿಗೆ ಅದು ಅವನ ಸ್ನಾನದ ಬಟ್ಟೆ ಆಗಿರಬೇಕು.

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನಲ್ಲಿ ವಿಸ್ಮಯ ವಾಟರ್ ಪಾರ್ಕ್ ಇದೆ, ಎರಡು ಎರಡೂವರೆ ಗಂಟೆ ದಾರಿ. ಅರ್ಧ ದಿನ ಹೋಗಿ ಬನ್ನಿ. ಅತ್ತೆ ಮಾವ ಅಲ್ಲಿನ ಮುತ್ತಪ್ಪ ದೇವರ ಸನ್ನಿಧಿಯಲ್ಲಿ ಕೂತು ಬೇಯಿಸಿದ ಕಾಳು, ತೆಂಗಿನ ಹೋಳು, ಚಹಾದ ಪ್ರಸಾದ ತೆಗೆದುಕೊಳ್ಳಲಿ, ನೀವು ಮಗನನ್ನು ನೀರಿಗೆ ಇಳಿಸಿ ನೋಡಿ. ಎಷ್ಟು ಗಂಟೆಗೆ ಅವನಿಗೆ ಸಾಕಾಯಿತು, ಯಾವ ಶಬ್ದಕ್ಕೆ ಕಿವಿ ಮುಚ್ಚಿದ, ಬರೆದಿಟ್ಟುಕೊಳ್ಳಿ. ಬಿಡದಿಯಲ್ಲಿ ಅದೇ ಕೈಪಿಡಿ. ರೇನ್ ಡಿಸ್ಕೊ ಕತ್ತಲು, ಬಣ್ಣದ ಲೈಟು, ಜೋರು ಹಾಡು, ಅದನ್ನು ಬಿಡಿ. ಲೇಜಿ ರಿವರ್‌ನಲ್ಲಿ ಟ್ಯೂಬಿನ ಮೇಲೆ ತೇಲುವುದು ಅವನಿಗೆ ಹಿಡಿಸಬಹುದು.

ಕಿವಿಗೆ ಇಯರ್‌ಮಫ್ ಮತ್ತು ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಕೈಚೀಲದಲ್ಲೇ ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಹೆಸರು ಹೇಳಿಯೇ ಸೇರಿಸಿದ್ದಾರೆ. ಕಾರ್ಡು ತೋರಿಸಿ ಕ್ಯೂ ಬಗ್ಗೆ ಕೇಳುವುದರಲ್ಲಿ ನಾಚಿಕೆ ಬೇಡ. ಮಗನ ಅಂಗಿಯ ಒಳಗೆ ನಿಮ್ಮ ನಂಬರ್ ಬರೆದ ಬಟ್ಟೆ ಚೂರು ಹೊಲಿದುಬಿಡಿ.

ಮಾವನವರಿಗೆ ಹೇಳಿ, ಒಟ್ಟಿಗೆ ಇರುವುದಕ್ಕೆ ಬೆಳಿಗ್ಗೆಯ ತಿಂಡಿ ಇದೆ, ಸಂಜೆ ಇದೆ. ಸಂಜೆ ಆರರ ಮೇಲೆ ಎಲ್ಲರೂ ಅವರ ಕೋಣೆಯಲ್ಲೇ ಸೇರಿ. ಮೊಮ್ಮಗ ಬಳಲಿ ಅವರ ಪಕ್ಕ ಮಲಗಿರುತ್ತಾನೆ, ಮೊಮ್ಮಗಳು ದಿನದ ಕಥೆ ಹೇಳುತ್ತಾಳೆ.

ನೀರ್ಚಾಲಿನ ಅಮ್ಮ

ಟೀಚರ್, ನೀವು ಬರೆದದ್ದನ್ನು ಮಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಧ್ಯಾಹ್ನ ಅವನ ಜೊತೆ ಕೋಣೆಯಲ್ಲಿ ನಾನು ಇರ್ತೇನೆ, ನನಗೂ ಮಲಗಬೇಕಲ್ಲ" ಅಂದರು.

ರೆಸಾರ್ಟ್ ಎರಡು ರಾತ್ರಿಗೆ, ಮೂರು ಕೋಣೆ. ಅದರಲ್ಲಿ ಎರಡು ಜೋಡಿ ಕೋಣೆ ಸಿಗುತ್ತದಾ ಅಂತ ಮೇಲ್ ಕಳಿಸಿದ್ದೇನೆ, ಮಡಕಶಿರದ ತಮ್ಮ ಹೇಳಿದ ಹಾಗೆಯೇ ಒಂದೊಂದೂ ಬರೆದು. ಮೈಸೂರಿನಲ್ಲಿ ನಮ್ಮವರ ಸೋದರತ್ತೆಯ ಮನೆ ಇದೆ, ಒಂದು ರಾತ್ರಿ ಅಲ್ಲೇ. ಕೊಚ್ಚಿ ಇನ್ನೊಮ್ಮೆ ನೋಡುವ ಅಂತ ನಮ್ಮವರೂ ಒಪ್ಪಿದರು. ಮುಂದಿನ ಶನಿವಾರ ಪರಶ್ಶಿನಿಕಡವು.

ನೀಲಿ ಬಣ್ಣದ ನೈಲಾನ್ ಚಡ್ಡಿ ಅಂಗಿ ನಿನ್ನೆ ಬದಿಯಡ್ಕದಿಂದ ತಂದೆ. ಮೊದಲ ದಿನ ಕೈಯಲ್ಲಿ ಮುಟ್ಟಿ ಬಿಸಾಡಿದ. ಇವತ್ತು ಬಚ್ಚಲಿನಲ್ಲಿ ಬಕೆಟಿಗೆ ಮುಳುಗಿಸಿ ಆಡುತ್ತಿದ್ದಾನೆ. ಇನ್ನೂ ಹಾಕಿಕೊಂಡಿಲ್ಲ.