ವಿಮಾನದ ಎಂಜಿನ್: ಮೂರನೆಯ ಸಿಲಿಂಡರ್ ಮಾತ್ರ ಏಕೆ ಅತಿ ಬಿಸಿಯಾಗುತ್ತದೆ?

ಪ್ರಶ್ನೆ: ವಿಸ್ಕಾನ್ಸಿನ್‌ನ ಗ್ಯಾರೇಜಿನಲ್ಲಿ ನಾನೇ ಕಟ್ಟಿದ ಆರ್‌ವಿ-6 ವಿಮಾನ, ಲೈಕಮಿಂಗ್ ಓ-320 ಎಂಜಿನ್. ಮೇಲೇರುವಾಗ ಮೂರನೆಯ ಸಿಲಿಂಡರಿನ ತಲೆ 440 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಉಳಿದವು 390ರ ಆಸುಪಾಸು. ಮುಂದಿನ ಗಾಳಿಕಿಂಡಿಗಳನ್ನು ಹಿಗ್ಗಿಸಲೇ? ಗರಗಸ ಕೈಯಲ್ಲೇ ಇದೆ.

ಉತ್ತರ: ಮೊದಲು ಗರಗಸ ಕೆಳಗಿಡಿ ಮಾರಾಯರೇ! ಒಂದೇ ಸಿಲಿಂಡರ್ ಕಾಯುತ್ತಿದ್ದರೆ ತಪ್ಪು ಕಿಂಡಿಯದಲ್ಲ. ಮೂರನೆಯ ಸಿಲಿಂಡರಿನ ಹಿಂಬದಿಯಲ್ಲಿ ತಂಪಿನ ರೆಕ್ಕೆಗಳು (ಶಾಖ ಬಿಡುವ ಲೋಹದ ಏಣುಗಳು) ತೀರಾ ಗಿಡ್ಡ. ಗಾಳಿಗೆ ದಾರಿ ತೋರುವ ಬ್ಯಾಫಲ್ ತಗಡು ಅವುಗಳಿಗೆ ಅಂಟಿ ನಿಂತರೆ ಗಾಳಿ ಕೆಳಗಿಳಿಯಲು ದಾರಿಯೇ ಇರುವುದಿಲ್ಲ. ನಾನು ನಡುವೆ ವಾಷರ್ ಇಟ್ಟು ತಗಡನ್ನು ತುಸು ಹಿಂದೆ ಸರಿಸಿದೆ, ಅಷ್ಟೇ.

ಇನ್ನೊಂದು ಉತ್ತರ: ಬ್ಯಾಫಲ್ ಅಂಚಿನ ರಬ್ಬರ್ ಪಟ್ಟಿ ಒಳಮುಖವಾಗಿ ಬಾಗಿದೆಯೇ? ಗಾಳಿಯ ಒತ್ತಡವೇ ಅದನ್ನು ಕೌಲಿಂಗಿಗೆ, ಅಂದರೆ ಎಂಜಿನ್ನಿನ ಹೊರಕವಚಕ್ಕೆ, ಅದುಮಬೇಕು.

ಕೇಳಿದವರು: ವಾಷರ್ ಹಾಕಿದೆ, ಈಗ 410. ಪಟ್ಟಿ ಒಂದೆಡೆ ಹೊರಕ್ಕೆ ಮಡಚಿತ್ತು, ನನ್ನದೇ ಕೈಚಳಕ.