ಗ್ರೀನ್‌ವಿಲ್‌ನ ಜಲಪಾತದ ಪಾರ್ಕ್: ಆ ಸೇತುವೆ ಕೆಡವಿದ್ದು ಸರಿಯೇ?

ಮಲೆನಾಡಿಗ: ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಗ್ರೀನ್‌ವಿಲ್‌ಗೆ ಹೋಗಿದ್ದೆ. ಊರ ನಡುವೆಯೇ ರೀಡಿ ನದಿಯ ಜಲಪಾತ, ಸುತ್ತ ಪಾರ್ಕ್. 1960ರಲ್ಲಿ ಜಲಪಾತದ ಮೇಲೆಯೇ ಕ್ಯಾಂಪರ್‌ಡೌನ್ ಸೇತುವೆ ಕಟ್ಟಿದ್ದರು. ನಾಲ್ಕು ಲೇನಿನ ರಸ್ತೆ. 2002ರಲ್ಲಿ ಕೆಡವಿಬಿಟ್ಟರು. ದಿನವೂ ವಾಹನ ಓಡಾಡುತ್ತಿದ್ದ ಸೇತುವೆಯನ್ನು ನೋಟದ ಆಸೆಗೆ ಒಡೆಯೋದು ದುಂದು ಅಲ್ವಾ?

ಹೊಳೆಸಾಲು: ನೋಟದ ಆಸೆ ಅಂತ ಅಷ್ಟಕ್ಕೇ ಬಿಡಬೇಡಿ. ಕಾಂಕ್ರೀಟಿನ ಕೆಳಗೆ ಜಲಪಾತ ಮುಚ್ಚಿಹೋಗಿತ್ತು. ಊರು ಹುಟ್ಟಿದ್ದೇ ಆ ನೀರಿನಿಂದ! ಮೂಲನಿವಾಸಿ ಚೆರೋಕೀ ಜನರ ನೆಲವಾಗಿದ್ದ ಅಲ್ಲಿಗೆ ರಿಚರ್ಡ್ ಪಿಯರಿಸ್ ಎಂಬ ವ್ಯಾಪಾರಿ ಬಂದು, ಜಲಪಾತದ ಹತ್ತಿರ ಹಿಟ್ಟಿನ ಗಿರಣಿ ಹಾಕಿದ. ಆಮೇಲೆ ಬಟ್ಟೆ ಗಿರಣಿಗಳು ಬಂದವು.

ಮಲೆನಾಡಿಗ: ಹಾಗಾದರೆ ನದಿ ಕೆಟ್ಟಿದ್ದು ಸೇತುವೆಗೂ ಮುಂಚೆಯೇ. ಗಿರಣಿಯ ಬಣ್ಣ ಸೀದಾ ನೀರಿಗೆ ಹೋಗುತ್ತಿತ್ತು. ಇವತ್ತು ಯಾವ ಬಣ್ಣ ಹಾಕಿದ್ದಾರೆ ಅಂತ ನದಿ ನೋಡಿಯೇ ಹೇಳಬಹುದಿತ್ತಂತೆ.

ಕೈತೋಟ: ಅದಕ್ಕೇ ಹೇಳ್ತೀನಿ, ಈ ಪಾರ್ಕಿಗೆ ಸೇತುವೆ ಕೆಡವಲು ಮುಂದಾದ ಮೇಯರ್ ನಾಕ್ಸ್ ವೈಟ್ ಹೆಸರನ್ನಷ್ಟೇ ಹೇಳಿದರೆ ಸಾಲದು. 1967ರಲ್ಲಿ ಕ್ಯಾರೊಲಿನಾ ಫುಟ್‌ಹಿಲ್ಸ್ ಗಾರ್ಡನ್ ಕ್ಲಬ್‌ನವರು ಅಲ್ಲಿ 26 ಎಕರೆ ಜಾಗ ಹಸನು ಮಾಡಲು ಇಳಿದರು. ಆಗ ಅಲ್ಲಿದ್ದದ್ದು ಕೊಳಕು ನೀರು, ಪೊದೆ, ತಲೆ ಮೇಲೆ ಸೇತುವೆ. ಯಾರೂ ಕಾಲಿಡದ ಜಾಗದಲ್ಲಿ ಗಿಡ ನೆಡೋಕೆ ಎಷ್ಟು ಧೈರ್ಯ ಬೇಕು! ಸೇತುವೆ ಬಿದ್ದದ್ದು ಅದಾದ 35 ವರ್ಷಕ್ಕೆ. ಪಾರ್ಕ್ ಬಗ್ಗೆ ಮಾತಾಡುವಾಗ ಈ ಕ್ಲಬ್‌ನವರ ಹೆಸರು ಮೊದಲು ಬರಬೇಕು.

ಹೊಳೆಸಾಲು: ಒಪ್ಪಿದೆ. ಆದರೆ ಸೇತುವೆ ಹಾಗೇ ಇದ್ದಿದ್ದರೆ ಅವರ ತೋಟ ಅದರ ನೆರಳಲ್ಲೇ ಉಳಿಯುತ್ತಿತ್ತು. 2004ರಲ್ಲಿ ಬಂದ ಲಿಬರ್ಟಿ ಬ್ರಿಡ್ಜ್ ನೋಡಿ. ನಡೆಯುವವರಿಗೆ ಮಾತ್ರ. ವಿನ್ಯಾಸಕಾರ ಮಿಗೆಲ್ ರೊಸಾಲೆಸ್ ಅದನ್ನು ಬಾಗಿಸಿ, ತೂಗುವ ಕೇಬಲನ್ನು ಒಂದೇ ಪಕ್ಕದಲ್ಲಿಟ್ಟರು. ಹಾಗಾಗಿ ಜಲಪಾತದ ಕಡೆ ಕಣ್ಣಿಗೆ ಏನೂ ಅಡ್ಡ ಬರೋದಿಲ್ಲ. ಹಳೇದು ಮುಚ್ಚಿದ್ದನ್ನು ಇದು ತೋರಿಸ್ತಿದೆ.

ಮಲೆನಾಡಿಗ: ಆ ಕೇಬಲ್ ನಾನೂ ಗಮನಿಸಿದ್ದೆ, ಕಾರಣ ಹೊಳೆದಿರಲಿಲ್ಲ. ದುಂದು ಅನ್ನೋ ಮಾತು ಹಿಂದಕ್ಕೆ ತಗೋತೀನಿ. ಆದರೆ ಆ ನಾಲ್ಕು ಲೇನಿನ ವಾಹನಗಳೆಲ್ಲ ಆಮೇಲೆ ಯಾರ ಮನೆ ಮುಂದೆ ಹಾಯ್ದವು ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.